ಹದಿಹರೆಯದ ಮನಸ್ಸಿಗೆ ಅಂಕ ಕೊಡುವ ಕೆಲಸ

ನಮ್ಮ ದೇಶದ ಹದಿಹರೆಯದ ಮಕ್ಕಳಲ್ಲಿ ಎಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ? ಉತ್ತರಗಳಿಗೇನೂ ಬರವಿಲ್ಲ. ಗೋವಾದ 12ರಿಂದ 16 ವರ್ಷದ 2,048 ಮಕ್ಕಳನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನ ಶೇ 1.8 ಎಂದಿತು. ಅದಕ್ಕೆ ಮೂರು ವರ್ಷ ಮೊದಲು ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಹಾಗೂ ಹಳ್ಳಿಗಳ 16 ವರ್ಷದೊಳಗಿನ 2,064 ಮಕ್ಕಳನ್ನು ನೋಡಿ ಶೇ 12.5 ಎಂದಿದ್ದರು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ 13–17 ವಯಸ್ಸಿನವರ ಪ್ರಮಾಣ ಶೇ 7.3. ಇನ್ನು 2022ರಲ್ಲಿ ಎನ್‌ಸಿಇಆರ್‌ಟಿ 6ರಿಂದ 12ನೇ ತರಗತಿಯ 3.79 ಲಕ್ಷ ವಿದ್ಯಾರ್ಥಿಗಳನ್ನು ಕೇಳಿದಾಗ ಶೇ 81 ಮಂದಿ ಓದು, ಪರೀಕ್ಷೆ, ಫಲಿತಾಂಶವೇ ತಮ್ಮ ಆತಂಕಕ್ಕೆ ಕಾರಣ ಎಂದರು.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮೊದಲ ಮೂರು ಅಧ್ಯಯನಗಳಲ್ಲಿ ತರಬೇತಿ ಪಡೆದವರು ಎದುರು ಕೂತು, ರೋಗನಿರ್ಣಯದ ನಿಯಮಗಳನ್ನು ಹಿಡಿದು ಕೇಳಿದ್ದರು. ನಾಲ್ಕನೆಯದರಲ್ಲಿ ಮಕ್ಕಳು ತಾವೇ ಉತ್ತರ ತುಂಬಿದರು, ಅದೂ ಕಾಯಿಲೆಯ ಬಗ್ಗೆ ಅಲ್ಲ, ಚಿಂತೆಯ ಬಗ್ಗೆ. ಪರೀಕ್ಷೆಯ ಚಿಂತೆ ಇದೆ ಎಂದು ನೂರಕ್ಕೆ ಎಂಬತ್ತೊಂದು ಮಕ್ಕಳು ಹೇಳಿದರೆ, ನಮ್ಮ ದೇಶದಲ್ಲಿ, ಆಶ್ಚರ್ಯಪಡಬೇಕಾದದ್ದು ಉಳಿದ ಹತ್ತೊಂಬತ್ತು ಮಕ್ಕಳ ಬಗ್ಗೆ. ಆದರೆ ಪತ್ರಿಕೆಯ ತಲೆಬರಹಕ್ಕೆ ಬರುವಾಗ ಈ ಎಲ್ಲ ಅಂಕಿಗಳೂ ಒಂದೇ ಚೀಲದಿಂದ ತೆಗೆದವು ಎಂಬಂತೆ ಕಾಣುತ್ತವೆ.

ಈಗ ಶಾಲೆಗಳಿಗೆ, ಕಾಲೇಜುಗಳಿಗೆ, ಮೊಬೈಲ್ ಆ್ಯಪ್‌ಗಳಿಗೆ ಇಂಥ ಪ್ರಶ್ನಾವಳಿಗಳು ಧಾರಾಳವಾಗಿ ಬರುತ್ತಿವೆ. ಹತ್ತು ನಿಮಿಷ ಸಾಕು, ಖರ್ಚಿಲ್ಲ, ತಜ್ಞರು ಬೇಕಿಲ್ಲ, ಕೊನೆಗೆ ಒಂದು ಅಂಕ ಸಿಗುತ್ತದೆ. ಆ ಅಂಕವನ್ನು ಎಷ್ಟು ನಂಬಬೇಕು ಎಂಬುದು ಈ ಲೇಖನದ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ಟಿಕ್ ಹಾಕುವುದು ಹಾಳೆಯ ಮೇಲಾದರೂ ಉತ್ತರ ಕೊಡುವುದು ಯಾರಿಗೋ. ಆ ‘ಯಾರು’ ಎಂಬುದು ಬದಲಾದರೆ ಅಂಕವೂ ಬದಲಾಗುತ್ತದೆ.

ಮನಸ್ಸನ್ನು ಪ್ರಶ್ನಾವಳಿಯಿಂದ ಅಳೆಯುವ ಪದ್ಧತಿ ಮಕ್ಕಳಿಗಾಗಿ ಹುಟ್ಟಿದ್ದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, ಸೈನ್ಯಕ್ಕೆ ಸೇರುವವರಲ್ಲಿ ಗುಂಡಿನ ಸದ್ದಿಗೆ ಮನಸ್ಸು ಕುಸಿಯಬಹುದಾದವರು ಯಾರು ಎಂದು ಮೊದಲೇ ತಿಳಿಯಲು ಅಮೆರಿಕದ ರಾಬರ್ಟ್ ವುಡ್‌ವರ್ತ್ ಹೌದು–ಇಲ್ಲ ಎಂದು ಉತ್ತರಿಸುವ 116 ಪ್ರಶ್ನೆಗಳನ್ನು ಜೋಡಿಸಿದರು. ಅದು ಸಿದ್ಧವಾಗುವ ಹೊತ್ತಿಗೆ ಯುದ್ಧ ಮುಗಿದಿತ್ತು, ಪ್ರಶ್ನಾವಳಿ ಮಾತ್ರ ಉಳಿದುಕೊಂಡಿತು. 1961ರಲ್ಲಿ ಆ್ಯರನ್ ಬೆಕ್ ವಯಸ್ಕರ ಖಿನ್ನತೆಗೆ ಮಾಡಿದ್ದನ್ನು ಮಾದರಿಯಾಗಿಟ್ಟುಕೊಂಡು ಮರಿಯಾ ಕೋವಾಕ್ಸ್ ಮಕ್ಕಳಿಗೆ ಹೊಂದುವ 27 ಪ್ರಶ್ನೆಗಳದ್ದನ್ನು ಮಾಡಿದರು. ಲಂಡನ್ನಿನ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ, ಮಕ್ಕಳ ಮನಸ್ಸು–ನಡತೆಯ ತೊಂದರೆಗಳನ್ನು ಕೇಳುವ 25 ಹೇಳಿಕೆಗಳ ಎಸ್‌ಡಿಕ್ಯೂ, ಖಿನ್ನತೆಯನ್ನು ಅಳೆಯಲು 2001ರಲ್ಲಿ ಅಮೆರಿಕದಲ್ಲಿ ಬಂದ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಇವೆರಡೂ ಇಂದು ಲೋಕದ ಮೂಲೆಮೂಲೆಗೂ ತಲುಪಿವೆ. ಪಿಎಚ್‌ಕ್ಯೂ ಹುಟ್ಟಿದ್ದು ಕ್ಲಿನಿಕ್ಕಿಗೆ ಬಂದ ವಯಸ್ಕ ರೋಗಿಗಳಿಗಾಗಿ ಎಂಬುದನ್ನು ನೆನಪಿನಲ್ಲಿಡಬೇಕು. ಅದು ಹದಿನಾಲ್ಕರ ಹುಡುಗನ ಬೆಂಚಿಗೆ ಬಂದದ್ದು ಆಮೇಲೆ.

ಮಕ್ಕಳನ್ನೇ ಕೇಳಬೇಕು ಎಂಬ ಮಾತೂ ಸುಲಭವಾಗಿ ಒಪ್ಪಿಗೆಯಾದದ್ದಲ್ಲ. ಬಹುಕಾಲ ವೈದ್ಯರು ತಾಯಿಯನ್ನು, ಮೇಷ್ಟ್ರನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನ ದಕ್ಷಿಣ ತೀರದ ಐಲ್ ಆಫ್ ವೈಟ್ ದ್ವೀಪದಲ್ಲಿ ಮೈಕೆಲ್ ರಟ್ಟರ್ ಮತ್ತು ಸಂಗಡಿಗರು ಹದಿನಾಲ್ಕು–ಹದಿನೈದರ ಮಕ್ಕಳೊಡನೆ ನೇರವಾಗಿ ಮಾತಾಡಿ 1976ರಲ್ಲಿ ಬರೆದ ವರದಿ ಈ ಪದ್ಧತಿಯನ್ನು ಅಲುಗಿಸಿತು. ಒಳಗೊಳಗೇ ಕೊರಗುವ, ತಾನು ಯಾವುದಕ್ಕೂ ಬಾರದವನು ಎಂದುಕೊಳ್ಳುವ ಎಷ್ಟೋ ಮಕ್ಕಳ ವಿಷಯ ಮನೆಯವರಿಗೂ ಶಾಲೆಯವರಿಗೂ ಗೊತ್ತೇ ಇರಲಿಲ್ಲ.

1987ರಲ್ಲಿ ಥಾಮಸ್ ಆಕೆನ್‌ಬಾಕ್ ಇದನ್ನು ಅಂಕಿಯಲ್ಲಿ ತೋರಿಸಿದರು. 119 ಅಧ್ಯಯನಗಳನ್ನು ಒಟ್ಟುಗೂಡಿಸಿ, ಮಗು ತನ್ನ ಬಗ್ಗೆ ಹೇಳುವುದಕ್ಕೂ ದೊಡ್ಡವರು ಮಗುವಿನ ಬಗ್ಗೆ ಹೇಳುವುದಕ್ಕೂ ಎಷ್ಟು ತಾಳೆ ಇದೆ ಎಂದು ನೋಡಿದರು. ಪೂರ್ತಿ ಹೊಂದಿದರೆ 1, ಏನೂ ಸಂಬಂಧವಿಲ್ಲದಿದ್ದರೆ ಸೊನ್ನೆ ಎನ್ನುವ ಅಳತೆಯಲ್ಲಿ ಬಂದದ್ದು 0.22. ಸುಮಾರು ಮೂವತ್ತು ವರ್ಷ ಕಳೆದು 341 ಅಧ್ಯಯನಗಳನ್ನು ಸೇರಿಸಿ ಬೇರೆಯವರು ಲೆಕ್ಕ ಹಾಕಿದಾಗಲೂ ಮಕ್ಕಳು, ಪೋಷಕರು, ಶಿಕ್ಷಕರ ಮಾತುಗಳ ನಡುವಿನ ಹೊಂದಿಕೆ 0.28 ದಾಟಲಿಲ್ಲ. ಪ್ರಶ್ನಾವಳಿಗಳು ಸುಧಾರಿಸಿದವು, ಕಂಪ್ಯೂಟರ್ ಬಂತು, ಅಪ್ಪ-ಅಮ್ಮ ಮತ್ತು ಮಕ್ಕಳ ನಡುವಿನ ಅಂತರ ಮಾತ್ರ ಇದ್ದಲ್ಲೇ ಇದೆ.

ಇದನ್ನು ‘ಮಕ್ಕಳು ಸುಳ್ಳು ಹೇಳುತ್ತಾರೆ’ ಎಂದು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ತರಗತಿಯಲ್ಲಿ ಕಿತ್ತಾಡುವ ಹುಡುಗನ ವಿಷಯ ಮೇಷ್ಟ್ರಿಗೆ ಚೆನ್ನಾಗಿ ಗೊತ್ತು, ಅವನಿಗೇ ಅದು ತೊಂದರೆ ಅನ್ನಿಸಿರುವುದಿಲ್ಲ. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುವ ಹುಡುಗಿಯ ವಿಷಯ ಅವಳೊಬ್ಬಳಿಗೇ ಗೊತ್ತು. ಆದ್ದರಿಂದ ಗಮನ ನಿಲ್ಲದಿರುವುದು, ಜಗಳ, ಶಾಲೆ ತಪ್ಪಿಸುವುದು ಇಂಥವಕ್ಕೆ ದೊಡ್ಡವರ ಮಾತು ಬೇಕು. ದುಃಖ, ಭಯ, ಸಾಯುವ ಯೋಚನೆ, ಮೈಗೆ ಗಾಯ ಮಾಡಿಕೊಳ್ಳುವುದು ಇವಕ್ಕೆ ಮಗುವಿನ ಮಾತಿಗೆ ಬದಲಿ ಇಲ್ಲ. ಮೇಲೆ ಹೇಳಿದ ಬೆಂಗಳೂರಿನ ಅಧ್ಯಯನದಲ್ಲಿ ತಮ್ಮ ಮಕ್ಕಳಿಗೆ ಸಮಸ್ಯೆ ಇದೆ ಎಂದು ಮನಗಂಡಿದ್ದ ಕುಟುಂಬಗಳು ಶೇ 37.5 ಮಾತ್ರ. ಮನೆಯವರನ್ನಷ್ಟೇ ಕೇಳಿದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂದು ಇದರಿಂದಲೇ ಊಹಿಸಬಹುದು.

ಹಾಗಾದರೆ ಮಕ್ಕಳನ್ನು ಕೇಳಿದರೆ ಮುಗಿಯಿತೇ? ಕೇಳುವ ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂಬತ್ತನೇ ತರಗತಿ, ಒಂದು ಬೆಂಚಿಗೆ ಮೂವರು. ಪಿ.ಟಿ. ಪೀರಿಯಡ್ಡಿನಲ್ಲಿ ಫಾರ್ಮು ಹಂಚಿದ್ದಾರೆ, ಹಾಗಾಗಿ ಅರ್ಧ ತರಗತಿಗೆ ಆಗಲೇ ಸಿಟ್ಟು. ಹಾಳೆಯ ನೆತ್ತಿಯ ಮೇಲೆ ಹೆಸರು, ತರಗತಿ, ಹಾಜರಿ ಸಂಖ್ಯೆ. ಕ್ಲಾಸ್ ಟೀಚರ್ ಸಾಲುಗಳ ನಡುವೆ ಓಡಾಡುತ್ತ “ಬೇಗ ಬೇಗ ತುಂಬ್ರೋ, ಪಕ್ಕದವರದ್ದು ನೋಡ್ಬೇಡಿ” ಎನ್ನುತ್ತಿದ್ದಾರೆ. ಅದು ಪರೀಕ್ಷೆಯ ದಿನದ ಮಾತು, ಮಕ್ಕಳಿಗೆ ಪರೀಕ್ಷೆಯದೇ ಅಭ್ಯಾಸ. “ಮಿಸ್, ನಾಲ್ಕನೇದಕ್ಕೆ ಏನ್ ಬರೀಬೇಕು?” ಎಂದು ಒಬ್ಬಳು ಕೇಳುತ್ತಾಳೆ. ನಾಲ್ಕನೆಯದು ಅವಳ ಸಿಟ್ಟಿನ ಬಗ್ಗೆ ಇದ್ದ ಪ್ರಶ್ನೆ. “ಮೇಲಿನವರಿಗೆ ಹೋಗುತ್ತೆ, ಎಲ್ಲಾ ಒಳ್ಳೇದೇ ಹಾಕಿ” ಎಂದು ಟೀಚರ್ ಸದುದ್ದೇಶದಿಂದಲೇ ಸಲಹೆ ಕೊಡುತ್ತಾರೆ. ಆಕೆಯ ಮಟ್ಟಿಗೆ ಇದು ಶಾಲೆಯ ಮಾನದ ಪ್ರಶ್ನೆ. ಗಂಟೆ ಹೊಡೆಯುವ ಹೊತ್ತಿಗೆ ಹಾಳೆಗಳನ್ನು ಮುಂದಿನ ಬೆಂಚಿಗೆ ದಾಟಿಸುತ್ತಾರೆ. ದಾಟುವಾಗ ಪ್ರತಿ ಹಾಳೆಯನ್ನೂ ನಾಲ್ಕು ಕಣ್ಣು ನೋಡುತ್ತವೆ.

ಈ ಹಾಳೆಗಳಿಂದ ಬಂದ ಅಂಕಿಯನ್ನು ‘ಹದಿಹರೆಯದವರ ಮಾನಸಿಕ ಆರೋಗ್ಯ’ ಎಂದು ಕರೆಯುವುದಕ್ಕಿಂತ ‘ಆ ತರಗತಿಯಲ್ಲಿ ಟೀಚರಿಗೆ ಹೇಳಬಹುದಾದಷ್ಟು’ ಎಂದು ಕರೆಯುವುದು ವಾಸಿ. ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಉತ್ತರವನ್ನು ಎಷ್ಟು ಬದಲಿಸುತ್ತದೆ ಎನ್ನುವುದಕ್ಕೆ ಅಮೆರಿಕದಲ್ಲಿ 15–19ರ ಹುಡುಗರ ಮೇಲೆ 1995ರಲ್ಲಿ ನಡೆದ ಸಮೀಕ್ಷೆಯೊಂದು ಸಾಕ್ಷಿ. ಕೆಲವರಿಗೆ ಕಾಗದದ ಫಾರ್ಮು ಕೊಟ್ಟರು. ಉಳಿದವರಿಗೆ ಪ್ರಶ್ನೆಗಳನ್ನು ಹೆಡ್‌ಫೋನಿನಲ್ಲಿ ಕೇಳಿಸಿ ಕಂಪ್ಯೂಟರಿನಲ್ಲಿ ಉತ್ತರ ಒತ್ತಿಸಿದರು. ಲೈಂಗಿಕ ವಿಚಾರ, ಮಾದಕವಸ್ತು, ಹಿಂಸೆ, ಈ ಮುಜುಗರದ ಪ್ರಶ್ನೆಗಳಿಗೆ ಕಂಪ್ಯೂಟರಿನ ಮುಂದೆ ಹೌದೆಂದವರು ಗಣನೀಯವಾಗಿ ಹೆಚ್ಚು. ಹುಡುಗರು ಅದೇ ವಯಸ್ಸಿನವರು, ಪ್ರಶ್ನೆಗಳು ಅವೇ. ಬೇರೆ ಯಾರೂ ನೋಡುವುದಿಲ್ಲ ಎಂಬ ಧೈರ್ಯವಷ್ಟೇ ಹೊಸದು.

ಹಾಗಿದ್ದರೆ ಹೆಸರೇ ಬೇಡ ಎಂದುಬಿಡೋಣವೇ? ಎನ್‌ಸಿಇಆರ್‌ಟಿ ತನ್ನ ಸಮೀಕ್ಷೆಯಲ್ಲಿ ಹೆಸರು ಬರೆಯುವುದನ್ನು ಮಕ್ಕಳ ಇಷ್ಟಕ್ಕೆ ಬಿಟ್ಟಿತ್ತು, ಒಳ್ಳೆಯದೇ. ಆದರೆ ಹೆಸರಿಲ್ಲದ ಹಾಳೆಯೊಂದರಲ್ಲಿ ‘ಸತ್ತುಹೋದರೆ ಒಳ್ಳೆಯದು ಅನ್ನಿಸುತ್ತದೆ, ದಿನಾ’ ಎಂಬಲ್ಲಿ ಟಿಕ್ ಇದ್ದರೆ? ಆ ಮಗು ಯಾರೆಂದು ಹುಡುಕುವ ದಾರಿ ಇಲ್ಲ. ಹೆಸರು ಕೇಳಿದರೆ ನಿಜ ಹೊರಬರುವುದಿಲ್ಲ, ಕೇಳದಿದ್ದರೆ ಸಹಾಯ ತಲುಪುವುದಿಲ್ಲ. ಇಡೀ ವಿಷಯದ ಕಗ್ಗಂಟು ಇದೇ, ಇದನ್ನು ಪೂರ್ತಿ ಬಿಡಿಸಿದವರು ಯಾರೂ ಇಲ್ಲ. ಎಣಿಕೆಗಾಗಿ ಕೇಳುವುದು, ಸಹಾಯಕ್ಕಾಗಿ ಕೇಳುವುದು ಇವು ಎರಡು ಬೇರೆ ಕೆಲಸಗಳು ಎಂದು ಮೊದಲೇ ತೀರ್ಮಾನಿಸಿಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಬಹಳಷ್ಟು ಶಾಲೆಗಳು ಎರಡನ್ನೂ ಒಂದೇ ಹಾಳೆಯಲ್ಲಿ ಮಾಡಲು ಹೊರಟು ಎರಡನ್ನೂ ಕೆಡಿಸುತ್ತವೆ.

ಮಕ್ಕಳು ತಮಾಷೆಗೂ ಬರೆಯುತ್ತಾರೆ. ಅಮೆರಿಕದಲ್ಲಿ 1994–95ರಲ್ಲಿ ಶುರುವಾದ ಆ್ಯಡ್ ಹೆಲ್ತ್ ಎಂಬ ಭಾರೀ ಅಧ್ಯಯನದಲ್ಲಿ ಶಾಲೆಯ ಫಾರ್ಮಿನಲ್ಲಿ ಕೃತಕ ಕೈಕಾಲು ಇದೆ ಎಂದು ನೂರಾರು ಮಕ್ಕಳು ತುಂಬಿದ್ದರು. ಮನೆಗೆ ಹೋಗಿ ನೋಡಿದರೆ ಹೆಚ್ಚುಕಡಿಮೆ ಎಲ್ಲರಿಗೂ ಸ್ವಂತ ಕೈಕಾಲು ನೆಟ್ಟಗಿದ್ದವು! ಇಂಥ ತುಂಟರು ಎಲ್ಲ ತರಗತಿಯಲ್ಲೂ ಬೆರಳೆಣಿಕೆಯಷ್ಟೇ. ಆದರೆ ಅಪರೂಪದ ಸಂಗತಿಯನ್ನು ಎಣಿಸುವಾಗ ಬೆರಳೆಣಿಕೆಯೇ ಲೆಕ್ಕವನ್ನು ಎರಡು-ಮೂರು ಪಟ್ಟು ಮಾಡಿಬಿಡಬಲ್ಲದು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷವಿದೆ. ಜನ ಯಾವುದೇ ಪ್ರಶ್ನಾವಳಿಯನ್ನು ಮೊದಲ ಸಲ ತುಂಬುವಾಗ ತೊಂದರೆಗಳನ್ನು ಸ್ವಲ್ಪ ಹೆಚ್ಚಾಗಿಯೇ ಹೇಳುತ್ತಾರೆ, ಎರಡನೆಯ ಸಲ ಅದು ತಾನಾಗಿ ಇಳಿಯುತ್ತದೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಈಗ ಶಾಲೆಗಳಲ್ಲಿ ನಡೆಯುವ ಯಾವುದೇ ‘ವೆಲ್‌ನೆಸ್’ ಕಾರ್ಯಕ್ರಮದ ವರದಿಯನ್ನು ತೆಗೆದು ನೋಡಿ. ಶಿಬಿರದ ಮೊದಲು ಸರಾಸರಿ ಇಷ್ಟು, ಶಿಬಿರದ ನಂತರ ಅಷ್ಟು, ಆದ್ದರಿಂದ ಯಶಸ್ವಿ. ಶಿಬಿರಕ್ಕೆ ಬಾರದ ಇನ್ನೊಂದು ತರಗತಿಯನ್ನು ಅದೇ ಎರಡು ದಿನ ಕೇಳಿದ್ದರೆ ಅಲ್ಲೂ ಅಂಕ ಇಳಿದಿರುತ್ತಿತ್ತೋ ಏನೋ. ಹೋಲಿಕೆಯ ಗುಂಪಿಲ್ಲದ ಇಂಥ ವರದಿಯನ್ನು ಹಿಡಿದು ಆಡಳಿತ ಮಂಡಳಿಯಿಂದ ಹಣ ಕೇಳುವವರಿಗೆ ಒಂದು ಪ್ರಶ್ನೆಯನ್ನಾದರೂ ಹಾಕಬೇಕು.

ಅಂಕದ ಅರ್ಥ ಏನು ಎಂಬುದಕ್ಕೆ ಪಿಎಚ್‌ಕ್ಯೂ-9 ಅನ್ನೇ ತೆಗೆದುಕೊಳ್ಳೋಣ. ಕಳೆದ ಎರಡು ವಾರಗಳಲ್ಲಿ ಒಂಬತ್ತು ತೊಂದರೆಗಳು ಎಷ್ಟು ದಿನ ಕಾಡಿದವು ಎಂದು ಅದು ಕೇಳುತ್ತದೆ. ಇಲ್ಲವೇ ಇಲ್ಲ ಎಂದರೆ ಸೊನ್ನೆ, ಹೆಚ್ಚುಕಡಿಮೆ ದಿನಾ ಎಂದರೆ 3. ಗರಿಷ್ಠ 27. ಹತ್ತು ಅಥವಾ ಹೆಚ್ಚು ಬಂದರೆ ಖಿನ್ನತೆ ಇರಬಹುದು ಎಂಬುದು ರೂಢಿಯ ಗಡಿ. ಮಾರ್ಚ್ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಹುಡುಗನೊಬ್ಬನಿಗೆ ಇದನ್ನು ಕೊಡಿ. ಪೂರ್ವಸಿದ್ಧತಾ ಪರೀಕ್ಷೆ ಮುಗಿದಿದೆ, ಬೆಳಗಿನ ನಾಲ್ಕಕ್ಕೆ ಅಪ್ಪ ಎಬ್ಬಿಸುತ್ತಾರೆ, ರಾತ್ರಿ ಮಲಗಿದರೆ ಲೆಕ್ಕಗಳೇ ಕಣ್ಣ ಮುಂದೆ. ನಿದ್ದೆಗೆ 3. ಸುಸ್ತಿಗೆ 3. ಊಟ ಸೇರದ್ದಕ್ಕೆ 1. ಓದಲು ಕೂತರೆ ಮನಸ್ಸು ನಿಲ್ಲದ್ದಕ್ಕೆ 2. ಮನೆಯವರ ಆಸೆಗೆ ತಣ್ಣೀರೆರಚುತ್ತಿದ್ದೇನೆ ಎಂಬ ಅಳುಕಿಗೆ 2. ಒಟ್ಟು 11, ಹುಡುಗ ಗಡಿ ದಾಟಿದ. ಆದರೆ ಸಂಜೆ ಹತ್ತು ನಿಮಿಷ ಬಿಡುವು ಸಿಕ್ಕರೆ ಅವನು ಬ್ಯಾಟು ಹಿಡಿದು ಓಡುತ್ತಾನೆ, ಗೆಳೆಯರ ಜೊತೆ ನಗುತ್ತಾನೆ. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು ಎಂಬ ಮೊದಲೆರಡು ಪ್ರಶ್ನೆಗಳಿಗೆ ಅವನ ಉತ್ತರ ಸೊನ್ನೆ. ರೋಗನಿರ್ಣಯದಲ್ಲಿ ಆ ಎರಡರಲ್ಲಿ ಒಂದಾದರೂ ಇರಲೇಬೇಕು. ಇವನಿಗೆ ಬೇಕಾದದ್ದು ನಿದ್ದೆ.

ಅವನ ಪಕ್ಕದ ಬೆಂಚಿನ ಹುಡುಗಿಯ ಒಟ್ಟು ಅಂಕ 6. ಯಾವ ಪಟ್ಟಿಗೂ ಬರುವುದಿಲ್ಲ. ಆದರೆ ಆ ಆರರಲ್ಲಿ ಎರಡು ಅಂಕ ಒಂಬತ್ತನೆಯ ಪ್ರಶ್ನೆಯದು, ಅಂದರೆ ಸಾವಿನ ಯೋಚನೆಯದು. ಒಟ್ಟು ಕೂಡಿಸಿ ಕೆಳಗೆ ಗೆರೆ ಎಳೆಯುವವರು ಹುಡುಗನನ್ನು ಕರೆಸಿ ಹುಡುಗಿಯನ್ನು ಬಿಟ್ಟುಬಿಡುತ್ತಾರೆ.

ಗಡಿಯೂ ಊರಿಂದೂರಿಗೆ ಬೇರೆ. ಕೋಲ್ಕತ್ತದ ಶಾಲಾ ಮಕ್ಕಳಲ್ಲಿ ಪಿಎಚ್‌ಕ್ಯೂ-9 ಅನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದವರು ನಮ್ಮ ಮಕ್ಕಳಿಗೆ 5 ಅನ್ನೇ ಗಡಿಯಾಗಿ ಇಟ್ಟುಕೊಳ್ಳುವುದು ಸರಿ ಎಂದರು. ಹತ್ತೋ ಐದೋ ಎಂಬುದರ ಮೇಲೆ ಒಂದೇ ಶಾಲೆಯ ‘ಖಿನ್ನತೆಯ ಪ್ರಮಾಣ’ ಎಷ್ಟೋ ಪಟ್ಟು ಏರುತ್ತದೆ, ಇಳಿಯುತ್ತದೆ. ಮಕ್ಕಳ ಮನಸ್ಸಿನಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ.

ಇಲ್ಲೊಂದು ಸಣ್ಣ ಲೆಕ್ಕ ಹಾಕಬೇಕು, ಯಾಕೆಂದರೆ ಶಾಲೆಗಳಲ್ಲಿ ಯಾರೂ ಇದನ್ನು ಹಾಕುವುದಿಲ್ಲ. 2001ರ ಮೂಲ ಅಧ್ಯಯನದಲ್ಲಿ ಹತ್ತರ ಗಡಿಯಲ್ಲಿ ಪಿಎಚ್‌ಕ್ಯೂ-9 ಖಿನ್ನತೆ ಇದ್ದವರಲ್ಲಿ ಶೇ 88 ಮಂದಿಯನ್ನು ಹಿಡಿಯಿತು, ಇಲ್ಲದವರಲ್ಲಿ ಶೇ 88 ಮಂದಿಯನ್ನು ಸರಿಯಾಗಿ ಬಿಟ್ಟಿತು. ಒಳ್ಳೆಯ ಸಾಧನವೇ. ಈಗ ಸಾವಿರ ಮಕ್ಕಳ ಶಾಲೆಯಲ್ಲಿ ಐವತ್ತು ಮಕ್ಕಳಿಗೆ ನಿಜಕ್ಕೂ ಖಿನ್ನತೆ ಇದೆ ಎಂದಿಟ್ಟುಕೊಳ್ಳಿ. ಪ್ರಶ್ನಾವಳಿ ಅವರಲ್ಲಿ 44 ಮಂದಿಯನ್ನು ಹಿಡಿಯುತ್ತದೆ. ಖಿನ್ನತೆ ಇಲ್ಲದ 950 ಮಕ್ಕಳಲ್ಲೂ ಶೇ 12ರಂತೆ 114 ಮಂದಿಯನ್ನು ಹಿಡಿಯುತ್ತದೆ. ಪಟ್ಟಿಯಲ್ಲಿ 158 ಹೆಸರು, ಅವುಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ಹೆಸರುಗಳು ಅಲ್ಲಿರಬೇಕಾದವಲ್ಲ. ಆ ಪಟ್ಟಿಯನ್ನು ಪೋಷಕರ ಸಭೆಯಲ್ಲಿ ಓದಿದರೆ, ಅಥವಾ ‘ನಿಮ್ಮ ಮಗಳಿಗೆ ಡಿಪ್ರೆಶನ್ ಇದೆ’ ಎಂದು ಆ್ಯಪ್ ಮೆಸೇಜು ಕಳಿಸಿದರೆ, ಆಗುವ ಅನಾಹುತಕ್ಕೆ ಯಾರು ಹೊಣೆ? ಸ್ಕ್ರೀನಿಂಗ್ ಎಂದರೆ ಜರಡಿ ಹಿಡಿಯುವುದು. ಜರಡಿಯಲ್ಲಿ ಉಳಿದದ್ದನ್ನು ಕೂತು ಆರಿಸುವವರು ಒಬ್ಬರು ಬೇಕೇ ಬೇಕು.

ಇನ್ನು ಓದು ಬರುತ್ತದೆ ಎಂಬ ಭರವಸೆ. ತಾನೇ ತುಂಬುವ ಪ್ರಶ್ನಾವಳಿಗೆ ಓದು ಬರಲೇಬೇಕಲ್ಲ. ಗ್ರಾಮೀಣ ಭಾರತದ 14–18 ವಯಸ್ಸಿನವರಲ್ಲಿ ನಾಲ್ಕರಲ್ಲಿ ಒಬ್ಬರು ತಮ್ಮ ಪ್ರಾದೇಶಿಕ ಭಾಷೆಯ ಎರಡನೇ ತರಗತಿಯ ಪಾಠವನ್ನೂ ಸರಾಗವಾಗಿ ಓದಲಾರರು ಎಂದು ಅಸರ್ ಎಂಬ ಶಿಕ್ಷಣ ಸಮೀಕ್ಷೆಯ 2023ರ ವರದಿ ಹೇಳಿತು. ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮನೆಯಲ್ಲಿ ತುಳು, ಬ್ಯಾರಿ, ಉರ್ದು, ಲಂಬಾಣಿ, ತೆಲುಗು ಮಾತಾಡುವ ಮಕ್ಕಳು ಕೂತಿರುತ್ತಾರೆ. ಪ್ರಶ್ನೆಗಳೂ ಸರಳವಲ್ಲ. ಎಸ್‌ಡಿಕ್ಯೂನ ಒಂದು ಹೇಳಿಕೆಯಲ್ಲಿ ತಲೆನೋವು, ಹೊಟ್ಟೆನೋವು, ಹುಷಾರಿಲ್ಲದಿರುವುದು ಮೂರೂ ಸೇರಿವೆ. ಇನ್ನೊಂದು, ಹೇಳಿದ್ದನ್ನು ಕೇಳುತ್ತೀಯಾ ಎಂಬುದು. ಅದಕ್ಕೆ ‘ಇಲ್ಲ’ ಎಂದರೆ ನಡತೆಯ ತೊಂದರೆಯ ಅಂಕ. ಓದು ಬಿಡಿಸಿ ಮದುವೆಗೆ ಹೊರಡಿಸಿದ ಮನೆಯವರ ಮಾತು ಕೇಳದ ಹುಡುಗಿ ಅಲ್ಲಿ ಪ್ರಾಮಾಣಿಕವಾಗಿ ‘ಇಲ್ಲ’ ಎಂದಳು ಅನ್ನಿ, ಅವಳ ಖಾತೆಗೂ ಅದು ತೊಂದರೆಯಾಗಿಯೇ ಬೀಳುತ್ತದೆ. ಮಾತಿಗೆ ಮಾತು ಅನುವಾದಿಸಿದರೆ ಇವು ಸರಿಹೋಗುವುದಿಲ್ಲ. ಕನ್ನಡದಲ್ಲಿ ತುಂಬಿಸಿದ ಹಾಳೆಯನ್ನು ಕನ್ನಡದಲ್ಲೇ ನಡೆಸಿದ ಸಂದರ್ಶನದ ಎದುರು ಇಟ್ಟು ನೋಡಬೇಕು.

ಶಾಲೆಯಲ್ಲಿ ಕೇಳಿದರೆ ಶಾಲೆಯಲ್ಲಿರುವವರು ಸಿಗುತ್ತಾರೆ, ಅಷ್ಟೆ. ಗಾರ್ಮೆಂಟ್ಸಿಗೆ ಸೇರಿದವಳು, ಕಬ್ಬು ಕಡಿಯಲು ಅಪ್ಪ-ಅಮ್ಮನ ಜೊತೆ ಹೋದವನು, ಹದಿನೈದಕ್ಕೆ ಮದುವೆಯಾದವಳು ಇವರ್ಯಾರೂ ಲೆಕ್ಕಕ್ಕೆ ಬರುವುದಿಲ್ಲ.

ಹೊರದೇಶದ ದೊಡ್ಡ ವಿವಾದವೊಂದೂ ಇದೇ ನೆಲದ ಮೇಲೆ ನಿಂತಿದೆ. ಅಮೆರಿಕದಲ್ಲಿ 1991ರಿಂದ ನಡೆಯುತ್ತಿರುವ ಪ್ರೌಢಶಾಲಾ ಸಮೀಕ್ಷೆಯ ಪ್ರಕಾರ ಸತತವಾಗಿ ದುಃಖ, ಹತಾಶೆ ಅನುಭವಿಸಿದ ಹುಡುಗಿಯರು 2011ರಲ್ಲಿ ಶೇ 36 ಇದ್ದದ್ದು 2021ರಲ್ಲಿ ಶೇ 57 ಆಯಿತು, 2023ರಲ್ಲಿ ಶೇ 53. ಸ್ಮಾರ್ಟ್‌ಫೋನೇ ಕಾರಣ ಎಂದು ಮನಶ್ಶಾಸ್ತ್ರಜ್ಞರಾದ ಜೊನಾಥನ್ ಹೈಟ್, ಜೀನ್ ಟ್ವೆಂಗಿ ವಾದಿಸುತ್ತಾರೆ. ಫೋನು, ಟಿವಿ, ಕಂಪ್ಯೂಟರ್ ಬಳಕೆ ಎಲ್ಲ ಸೇರಿದರೂ ಹದಿಹರೆಯದವರ ನೆಮ್ಮದಿಯ ಏರುಪೇರಿನಲ್ಲಿ ಅದರ ಪಾಲು ಹೆಚ್ಚೆಂದರೆ ಶೇ 0.4 ಎಂದು ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್‌ಸ್ಕಿ 2019ರಲ್ಲಿ ಲೆಕ್ಕ ತೋರಿಸಿದರು. ಮಕ್ಕಳು ಎಷ್ಟು ಹೊತ್ತು ಫೋನು ನೋಡಿದರು, ಎಷ್ಟು ದುಃಖದಲ್ಲಿದ್ದರು ಎರಡನ್ನೂ ಈ ಸಮೀಕ್ಷೆಗಳಲ್ಲಿ ಬಹುಪಾಲು ಹೇಳಿದವರು ಅವರೇ ಎಂಬುದನ್ನು ಎರಡೂ ಪಕ್ಷದವರು ಆಗಾಗ ಮರೆಯುತ್ತಾರೆ. ಆಕ್ಸ್‌ಫರ್ಡಿನ ಲೂಸಿ ಫೌಲ್ಕ್ಸ್ 2023ರಲ್ಲಿ ಇನ್ನೊಂದು ಅನುಮಾನ ಮುಂದಿಟ್ಟರು. ಮಾನಸಿಕ ಆರೋಗ್ಯದ ಬಗ್ಗೆ ಅರಿವು ಮೂಡಿಸುವ ಮಾತು ಹೆಚ್ಚಿದಂತೆ ಸಾಧಾರಣ ಬೇಸರವನ್ನೂ ಮಕ್ಕಳು ಕಾಯಿಲೆಯ ಭಾಷೆಯಲ್ಲಿ ಹೇಳಿಕೊಳ್ಳಲು ಕಲಿಯುತ್ತಿರಬಹುದೇ ಎಂದು. ಅದು ಊಹೆಯ ಹಂತದಲ್ಲಿದೆ. ಅದೇ ವರ್ಷಗಳಲ್ಲಿ ಅಮೆರಿಕದ ಎಳೆಯರ ಆತ್ಮಹತ್ಯೆಗಳೂ ಏರಿರುವುದರಿಂದ ಎಲ್ಲವೂ ಮಾತಿನ ಮಾಯೆ ಎಂದು ತಳ್ಳಿಹಾಕುವುದಕ್ಕಾಗದು.

ನಮ್ಮಲ್ಲಿ ಭಯ ಇದಕ್ಕೆ ತಿರುವುಮುರುವು. 2021ರಲ್ಲಿ ಯುನಿಸೆಫ್ 21 ದೇಶಗಳ 15–24ರ ವಯೋಮಾನದವರನ್ನು ಕೇಳಿದಾಗ, ಮನಸ್ಸಿನ ತೊಂದರೆಗೆ ಇನ್ನೊಬ್ಬರ ಸಹಾಯ ಪಡೆಯುವುದು ಒಳ್ಳೆಯದು ಎಂದವರು ಸರಾಸರಿ ಶೇ 83. ಭಾರತದಲ್ಲಿ ಶೇ 41. ಹೇಳಿಕೊಂಡು ಪ್ರಯೋಜನವಿಲ್ಲ ಎಂದುಕೊಂಡವರು ಫಾರ್ಮಿನಲ್ಲಿ ಏನು ಹೇಳಿಯಾರು? ಮೊದಲು ಹೇಳಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಾನಸಿಕ ತೊಂದರೆಯ ಪ್ರಮಾಣ ಮಹಾನಗರದ ಹದಿಹರೆಯದವರಲ್ಲಿ ಶೇ 13.5, ಹಳ್ಳಿಗಳಲ್ಲಿ ಶೇ 6.9. ನಗರದ ಬದುಕು ಕೆಟ್ಟದ್ದು ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಹೇಳುತ್ತಾರೆ. ಇರಬಹುದು. ನಗರದ ಮಗುವಿಗೆ ಹೇಳುವ ರೂಢಿ ಇದೆ, ಹಳ್ಳಿಯದಕ್ಕೆ ಇಲ್ಲ ಎಂದೂ ಇರಬಹುದು. ಸಂದರ್ಶನವೇ ನಡೆಸಿದರೂ ಕೊನೆಗೆ ಬಾಯಿ ಬಿಡಬೇಕಾದದ್ದು ಮಗುವೇ ತಾನೇ. ಗೋವಾದ ಅಧ್ಯಯನ ತನ್ನ ಶೇ 1.8ಕ್ಕೆ ಕುಟುಂಬದ ಗಟ್ಟಿ ಆಸರೆಯನ್ನು ಮುಖ್ಯ ಕಾರಣವಾಗಿ ಕಂಡಿತು. ಅದನ್ನು ಅಲ್ಲಗಳೆಯಲು ನನ್ನ ಬಳಿ ಪುರಾವೆ ಇಲ್ಲ. ಗಟ್ಟಿ ಕುಟುಂಬ ಮನೆಯ ಮಾತನ್ನು ಹೊರಗೆ ಬಿಡದಿರುವುದರಲ್ಲೂ ಗಟ್ಟಿ ಎಂಬುದನ್ನು ಮಾತ್ರ ಸೇರಿಸಬೇಕು.

ಕೇಳುವ ಬೇರೆ ದಾರಿಗಳೂ ಇವೆ. ಚಂಡೀಗಢದಲ್ಲಿ ಸುಮನ್ ವರ್ಮಾ ಮತ್ತು ರೀಡ್ ಲಾರ್ಸನ್ ಎಂಟನೇ ತರಗತಿಯ ನೂರು ಮಧ್ಯಮ ವರ್ಗದ ಮಕ್ಕಳಿಗೆ ಅಲಾರಾಂ ಗಡಿಯಾರ ಕಟ್ಟಿದರು. ಅದು ಹೊಡೆದಾಗೆಲ್ಲ ಏನು ಮಾಡುತ್ತಿದ್ದೀರಿ, ಮನಸ್ಸು ಹೇಗಿದೆ ಎಂದು ಬರೆಯಬೇಕು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎಚ್ಚರವಿದ್ದ ಹೊತ್ತಿನ ಮೂರನೇ ಒಂದು ಭಾಗ ಶಾಲೆಯ ಓದಿಗೇ ಹೋಗುತ್ತಿತ್ತು, ಬೇಸರದ ಗಳಿಗೆಗಳೂ ಅಲ್ಲೇ ಹೆಚ್ಚು. ಎರಡು ವಾರ ಹೇಗಿತ್ತು ಎಂದು ನೆನಪು ಕೆದಕುವುದಕ್ಕಿಂತ ಈ ಗಳಿಗೆ ಹೇಗಿದೆ ಎಂದು ಕೇಳುವುದು ಎಷ್ಟೋ ನಿಖರ.

ನನಗೆ ಹೆಚ್ಚು ಹಿಡಿಸಿದ್ದು ದೆಹಲಿಯ ಸರ್ಕಾರಿ ಶಾಲೆಗಳ ಪ್ರಯೋಗ. ಗೋವಾದ ಸಂಗತ್ ಸಂಸ್ಥೆ ಅಲ್ಲಿ ಪ್ರೈಡ್ ಎಂಬ ಯೋಜನೆಯಲ್ಲಿ 250 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಸಮಸ್ಯೆ ಬಿಡಿಸಿಕೊಳ್ಳುವ ಪುಸ್ತಿಕೆಗಳು, ಇನ್ನೊಂದಕ್ಕೆ ಪುಸ್ತಿಕೆಗಳ ಜೊತೆಗೆ ತರಬೇತಿ ಪಡೆದ ಸಾಮಾನ್ಯ ಕೌನ್ಸೆಲರ್. 2020ರಲ್ಲಿ ಬಂದ ಫಲಿತಾಂಶ ವಿಚಿತ್ರವಾಗಿತ್ತು. ಎಸ್‌ಡಿಕ್ಯೂ ಅಂಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ‘ನಿನ್ನನ್ನು ಹೆಚ್ಚು ಕಾಡುವ ಮೂರು ಸಮಸ್ಯೆ ನಿನ್ನ ಮಾತಿನಲ್ಲೇ ಹೇಳು, ಸೊನ್ನೆಯಿಂದ ಹತ್ತರ ಒಳಗೆ ಅಂಕ ಕೊಡು’ ಎಂದು ಕೇಳುವ ಇನ್ನೊಂದು ಅಳತೆಯಲ್ಲಿ ಕೌನ್ಸೆಲರ್ ಸಿಕ್ಕಿದ ಗುಂಪು ಸ್ಪಷ್ಟವಾಗಿ ಮುಂದಿತ್ತು. ಯಾರದೋ ಇಪ್ಪತ್ತೈದು ಹೇಳಿಕೆಗಳಲ್ಲಿ ತನ್ನ ಕಷ್ಟವನ್ನು ಹುಡುಕುವುದಕ್ಕೂ, ತನ್ನ ಕಷ್ಟವನ್ನು ತಾನೇ ಹೆಸರಿಸಿ ಅದಕ್ಕೆ ಅಂಕ ಕೊಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಎರಡನೆಯದೂ ಸ್ವಂತ ಹೇಳಿಕೆಯೇ, ಆದರೆ ಎದುರಿಗೆ ಕೇಳಿಸಿಕೊಳ್ಳುವವರಿದ್ದರು. ಲಕ್ಷಾಂತರ ಮಕ್ಕಳ ಸರಾಸರಿ ತೆಗೆಯಲು ಇದು ಒದಗುವುದಿಲ್ಲ ನಿಜ. ಶಾಲೆಯೊಂದಕ್ಕೆ ಸರಾಸರಿ ಯಾಕೆ ಬೇಕು?

ಸಾವಿನ ಯೋಚನೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಅಂಜಿಕೆಗೆ ಆಧಾರವಿಲ್ಲ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳಲ್ಲಿ ಅರ್ಧ ಮಂದಿಗೆ ಆ ಪ್ರಶ್ನೆ ಕೇಳಿ, ಉಳಿದವರಿಗೆ ಕೇಳದೆ ನೋಡಿದ 2005ರ ಅಧ್ಯಯನದಲ್ಲಿ ಕೇಳಿಸಿಕೊಂಡವರ ತಳಮಳ ಹೆಚ್ಚಾಗಲಿಲ್ಲ. ಕೇಳುವುದರಿಂದ ಅಪಾಯವಿಲ್ಲ, ಕೇಳಿ ಸುಮ್ಮನಾಗುವುದು ಅಪಾಯ. ಎನ್‌ಸಿಆರ್‌ಬಿ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಕೌನ್ಸೆಲರ್ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಮ್ಮ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಷಯಕ್ಕೊಬ್ಬ ಮೇಷ್ಟ್ರಿರುವುದೇ ಕಷ್ಟ.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ, ಪ್ರಾಂಶುಪಾಲರಲ್ಲಿ ಒಂದು ಕೋರಿಕೆ. ಫಾರ್ಮು ಹಂಚುವ ಮೊದಲು ಅದನ್ನು ಯಾರು ಓದುತ್ತಾರೆ, ಯಾವತ್ತು ಓದುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ಅದಕ್ಕೆ ಉತ್ತರವಿಲ್ಲದಿದ್ದರೆ ಹಂಚಬೇಡಿ. ಹಂಚುವುದಾದರೆ ಪಾಠ ಮಾಡುವವರನ್ನು ಕೋಣೆಯಿಂದ ಹೊರಗೆ ಕಳಿಸಿ, ಹಾಳೆ ಯಾರ ಕೈಗೆ ಹೋಗುತ್ತದೆ ಎಂದು ಮಕ್ಕಳಿಗೂ ಮನೆಯವರಿಗೂ ಮೊದಲೇ ಹೇಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್ಕಿನಲ್ಲಿ ಯಾರಿದ್ದಾರೆ ಎಂದು ವಿಚಾರಿಸಿಟ್ಟಿರಿ. ಸಾವಿನ ಯೋಚನೆಯ ಆ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನೇ ಬಂದಿದ್ದರೂ ಆ ಮಗುವಿನ ಜೊತೆ ಅವತ್ತೇ ಕೂತು ಮಾತಾಡಿ, ಹಾಳೆಯನ್ನು ಮರುದಿನಕ್ಕೆ ಇಡಬೇಡಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಟೆಲಿ-ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.